ಇಲ್ಲಿಯೇ ಕಟ್ಟತಕ್ಕದ್ದು

"ಮೂತಿ ಹಿಡಿ ಬೈರೇಶಣ್ಣ, ಮೂತಿ ಬಿಡಬ್ಯಾಡ," ಎಂದು ಉಮರ್ ಎದೆಮಟ್ಟದ ನೀರಿನಲ್ಲಿ ನಿಂತು ಕೂಗುತ್ತಿದ್ದ. ಅವನ ಎರಡು ಕೈಗಳೂ ದೋಣಿಯ ಹಿಂಬದಿಯನ್ನು ತಬ್ಬಿಕೊಂಡಿದ್ದವು. ಊಟದ ಪಂಕ್ತಿಯಿಂದ ಮುನಿಸಿಕೊಂಡು ಎದ್ದ ಬೀಗರ ಹಾಗೆ, ಅವನು ಹಿಡಿದೆಳೆದಷ್ಟೂ ಅದು ಹಟಮಾಡಿ ಕೆಳಗೇ ಹೊರಟಿತ್ತು.

"ಹಿಡಿಯಾಕೆ ನಂದೂ ಒಂದು ದೋಣಿ ಐತಲ್ಲೋ. ಇದನ್ನೆಲ್ಲಿ ಬಿಡ್ಲಿ?" ಎಂದ ಬೈರೇಶ, ಹುಟ್ಟನ್ನು ಮೇಲೆತ್ತಿ ಹಿಡಿದು.

"ಇಲ್ಲೇ ಕಟ್ಟು."

"ಇಲ್ಲೇನೋ ಚುಚ್ತು ಅಂತ ನೀನೇ ಬಾಯಿ ಬಡ್ಕೊಂತಿದ್ದೀಯಲ್ಲ."

"ಈ ಕಡೆ ಬ್ಯಾಡ, ಆ ಕಡೆ ಕಟ್ಟು. ಆ ಕಡೆ ಏನೂ ಇಲ್ಲ. ನಾನು ಹೇಳ್ತಾ ಇದ್ದೀನಲ್ಲ ಗುರು, ಕಟ್ಟಾಕಿ ಬೇಗ ಬಾ."

ಬೈರೇಶ ದೋಣಿಕಟ್ಟೆಯನ್ನು ಸುತ್ತಿಕೊಂಡು ಹೋಗಿ ಆಚೆ ಬದಿಯಲ್ಲಿ ಕಟ್ಟಿದ. ಕೆರೆಯ ಮೀನಿನ ಗುತ್ತಿಗೆ ಅವನದು, ದೋಣಿ ಹೊಚ್ಚಹೊಸದು. ಸೀಟಿನ ಪ್ಲಾಸ್ಟಿಕ್ಕನ್ನು ಇನ್ನೂ ಬಿಚ್ಚಿರಲಿಲ್ಲ. ಮೂತಿಯಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ ತೂಗುತ್ತಿದ್ದವು. ಹಗ್ಗವನ್ನು ಎಳೆದು ನೋಡಿ, ಲುಂಗಿ ಎತ್ತಿಕಟ್ಟಿ ಅವನು ನೀರಿಗೆ ಇಳಿಯುವ ಹೊತ್ತಿಗೆ ಉಮರ್‌ನ ದೋಣಿ ಕೊನೆಯದಾಗಿ ದೊಡ್ಡದೊಂದು ತೇಗು ತೇಗಿ ತಳ ಸೇರಿತು. ಬಿಸಿಲಿಗೆ ಕಟ್ಟಿದ್ದ ಚಪ್ಪರ ಮಾತ್ರ ಮೇಲುಳಿಯಿತು. ಚಪ್ಪರದ ಜಾಲರಿಯ ಮೇಲೆ ಕೆಂಪು ಅಕ್ಷರದಲ್ಲಿ ಅವನ ಹೆಂಡತಿಯ ಹೆಸರಿತ್ತು: ಖುಷ್ನುಮಾ.

ಏರಿಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದ ಮುನಿಲಕ್ಷ್ಮಮ್ಮ ಕೈಯಲ್ಲಿದ್ದ ರಗ್ಗನ್ನು ಬದಿಗಿಟ್ಟು ಒಂದು ಗಳಿಗೆ ನೋಡಿದಳು. "ಏನ್ ಸಾಬ್ರೇ, ಬೆಳಗ್ಬೆಳಗ್ಗೇನೇ ಎಂಡ್ರನ್ನ ಮುಳುಗಿಸ್ಬುಟ್ರಾ," ಎಂದು ಮತ್ತೆ ರಗ್ಗಿಗೆ ಸೋಪು ಹಚ್ಚಿದಳು.

ಉಮರ್ ಉಸಿರು ಕಟ್ಟಿ ಮುಳುಗಿದ. ದೋಣಿಯ ತಳ ತಡವಿ ಎದ್ದ. "ಕಂಬಿ," ಎಂದ. "ನೀರೊಳಗೆ ಒಂದು ಮೋಟು ಪಿಲ್ಲರ್ ಐತೆ. ಅದರ ತಲೆ ಮೇಲೆ ಕಂಬಿ. ತಳಕ್ಕೆ ತೂರ್ಕೊಂಡೈತೆ."

ಬೇರೆ ಯಾರದಾದರೂ ಆಗಿದ್ದರೆ ಮುಳುಗಿದ್ದು ಬರೀ ದೋಣಿ. ಉಮರ್‌ನದರ ಜೊತೆ ಒಂದು ಮಾತೂ ಮುಳುಗಿತ್ತು. ಹೋದ ಹಬ್ಬಕ್ಕೆ ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ ಊಟಕ್ಕೆ ಕೂತಾಗ, ಹೆಂಡತಿಯ ಅಣ್ಣ ಮುಜಾಮಿಲ್ ಎಲ್ಲರೆದುರು ಅವನನ್ನು ತನ್ನ ರೇಷ್ಮೆ ಹುರಿ ಮಿಲ್ಲಿಗೆ ಕೆಲಸಕ್ಕೆ ಕರೆದಿದ್ದ. "ನನ್ನ ದೋಣಿ ಮುಳುಗಿದ ದಿನ ಬರ್ತೀನಿ ಭಾಯ್," ಎಂದು ಉಮರ್ ಜಂಬದಿಂದ ನಕ್ಕಿದ್ದ. ಮುಜಾಮಿಲ್ ನಗಲಿಲ್ಲ. ಕೈ ತೊಳೆದುಕೊಂಡು ಬಂದು, "ಎಲ್ರೂ ಕೇಳಿಸ್ಕೊಂಡ್ರಲ್ಲ," ಎಂದಷ್ಟೇ ಹೇಳಿದ್ದ. ಅವನ ಮಿಲ್ಲಿನಲ್ಲಿ ಯಂತ್ರಗಳ ಸದ್ದಿಗಿಂತ ಅವನ ಉಸಿರಿನ ಸದ್ದೇ ಜಾಸ್ತಿ ಎಂದು ಕೆಲಸದವರು ಹೇಳುತ್ತಿದ್ದರು. ಯಾವಾಗಲೂ ಬೆನ್ನ ಹಿಂದೆಯೇ ನಿಂತಿರುತ್ತಾನೆ. ಉಗುಳಲು ಆಚೆ ಹೋದವನು ನಿಜವಾಗಿ ಉಗುಳಿದನೋ ಇಲ್ಲವೋ ಎಂದು ಹೋಗಿ ನೋಡಿಬರುತ್ತಾನೆ.

ಬಂಡೆಕುಂಟೆ ಕೆರೆಯಲ್ಲಿ ನೀರೆಂಬುದನ್ನು ಉಮರ್‌ನ ವಯಸ್ಸಿನವರು ಕಂಡದ್ದೇ ಈಚೆಗೆ. ಅದಕ್ಕೆ ಮುಂಚೆ ಅದು ಕ್ರಿಕೆಟ್ ಮೈದಾನ. ಬೆಂಗಳೂರಿನವರು ಮಿಂದು ತೊಳೆದು ಬಿಟ್ಟ ನೀರನ್ನು ಶುದ್ಧಮಾಡಿ ಪೈಪಿನಲ್ಲಿ ಕಳಿಸುತ್ತಾರಂತೆ ಎಂಬ ಸುದ್ದಿ ಬಂದದ್ದೇ ತಡ, ನೀರಿಗೂ ಮೊದಲೇ ಪಂಚಾಯಿತಿ ದೋಣಿವಿಹಾರವನ್ನು ಘೋಷಿಸಿತು. ಒಣಗಿದ ಕೆರೆಯಂಗಳದಲ್ಲಿ ಏರಿಗೆ ಅಂಟಿದಂತೆ ಒಂದು ದೋಣಿಕಟ್ಟೆಯನ್ನೂ ಕಟ್ಟಿಸಿತು. ಕಟ್ಟಿದವನು ಮೇಸ್ತ್ರಿ ಮುನಿಕೃಷ್ಣ. ಊರಿನ ಅರ್ಧ ಮನೆಗಳು ಅವನ ಕೈಯವು. ದೋಣಿಕಟ್ಟೆ ಹೋಗಲಿ, ದೋಣಿಯನ್ನೂ ಅವನು ಅಲ್ಲಿಯತನಕ ಕಂಡಿರಲಿಲ್ಲ.

ನೀರು ಬಂತು. ಉಮರ್ ಎಲ್ಲಿಂದಲೋ ಒಂದು ಹಳೆಯ ಫೈಬರ್ ದೋಣಿಯನ್ನು ತಂದು, ಮದುವೆಗೆ ಮುಂಚೆ ಫೋಟೋ ತೆಗೆಸಿಕೊಳ್ಳಲು ಬರುವ ಜೋಡಿಗಳನ್ನು ಸುತ್ತಾಡಿಸತೊಡಗಿದ. ಮೊದಮೊದಲು ಅದನ್ನು ಏರಿಯ ಹೊಂಗೆಮರದ ಬೇರಿಗೆ ಕಟ್ಟುತ್ತಿದ್ದ. ಪಂಚಾಯಿತಿ ಅಧ್ಯಕ್ಷ ಗಂಗಣ್ಣ, "ಅಷ್ಟು ಚೆಂದಾಗಿ ಕಟ್ಟೆ ಕಟ್ಸಿರೋದು ಎಮ್ಮೆ ಕಟ್ಟಾಕಾ?" ಎಂದು ಬಿಚ್ಚಿಸಿದ. ಆಮೇಲೆ ಕಟ್ಟೆಯ ಮೇಲೆ ಫಲಕವೇ ಬಂತು: ದೋಣಿಗಳನ್ನು ಇಲ್ಲಿಯೇ ಕಟ್ಟತಕ್ಕದ್ದು. ಈಗ ಕೆಲವು ವಾರಗಳಿಂದ ಪೈಪು ಕೆಟ್ಟು ಕೆರೆ ದಿನದಿನಕ್ಕೆ ಇಳಿಯುತ್ತಿತ್ತು. ಇಳಿದು ಇಳಿದು, ಕೊನೆಗೆ ದೋಣಿಗೂ ಕಂಬಿಗೂ ಭೇಟಿಯಾಗಿತ್ತು.

ಉಮರ್‌ನ ಅಂಗಿ ಒಣಗುವ ಮುಂಚೆಯೇ ಸುದ್ದಿ ವಿಜಯಪುರ ತಲುಪಿತ್ತು. ಏರಿಯ ಮೇಲೆ ಚಪ್ಪಲಿಯ ಪಕ್ಕ ಇಟ್ಟಿದ್ದ ಫೋನು ಹೊಡೆದುಕೊಂಡಿತು.

"ಕ್ಯಾಪ್ಟನ್ ಸಾಬ್," ಎಂದ ಮುಜಾಮಿಲ್. "ಮುಳುಗ್ತಂತೆ."

"ಮುಳುಗ್ಲಿಲ್ಲ ಭಾಯ್. ಮುಳುಗಿಸಿದ್ರು. ಎರಡಕ್ಕೂ ವ್ಯತ್ಯಾಸ ಐತೆ."

"ಯಾರು ಮುಳುಗಿಸಿದ್ದು?"

"ಅದನ್ನ ಸಂಜೆ ಹೇಳ್ತೀನಿ."

"ಸರಿ. ಸಂಜೆ ನಾನೇ ಬರ್ತೀನಿ. ತಪ್ಪು ನಮ್ದು ಅಂತ ಒಬ್ಬ ಒಪ್ಕೊಂಡ್ರೂ ನಿನ್ನ ಮಾತು ನಿಂಗೆ ವಾಪಸ್. ಯಾರೂ ಒಪ್ಪದಿದ್ರೆ ನಾಳೆ ಬೆಳಿಗ್ಗೆ ಪಾಳಿಗೆ ಬಂದ್ಬಿಡು. ಬರೋವಾಗ ಟಿಫನ್ ಮನೆಯಿಂದಾನೇ ತಗೊಂಬಾ."

ಬೈರೇಶ ಲುಂಗಿ ಹಿಂಡುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನು ಒಂದು ಕಾಲದಲ್ಲಿ ಕರಾವಳಿಯ ಯಾವುದೋ ಬಂದರಿನ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದವನು. ಸಮುದ್ರಕ್ಕೆ ಸಂಬಂಧಿಸಿದ ಯಾವ ವಿಷಯಕ್ಕೂ ತಾಲ್ಲೂಕಿನಲ್ಲಿ ತಾನೇ ಕೊನೆಯ ಮಾತು ಎಂಬ ನಂಬಿಕೆ ಅವನಿಗಿತ್ತು. ಸಮುದ್ರ ಅಷ್ಟು ದೂರವಿದ್ದುದರಿಂದ ಇದುವರೆಗೆ ಅವನನ್ನು ಯಾರೂ ಏನೂ ಕೇಳಿರಲಿಲ್ಲ.

"ನಿನ್ ಕೇಸು ಬಲವಾಗೈತೆ ಕಣೋ," ಎಂದ ಅವನು. "ನಾನು ಬಂದರಲ್ಲಿದ್ದಾಗ ಒಂದು ಹಡಗಿಗೆ ಹಿಂಗೇ ಆಗಿತ್ತು. ತಳದಲ್ಲಿ ಬಂಡೆ ಇತ್ತಂತೆ, ನಿಲ್ಸಿದ ಜಾಗದಲ್ಲೇ ಹೊಟ್ಟೆ ಸೀಳ್ತು. ಲಾಯರ್‌ಗಳು ಬಂದು ವಾರಗಟ್ಲೆ ನಮ್ಮ ಕ್ಯಾಂಟೀನಲ್ಲೇ ಬನ್ಸ್ ತಿಂದ್ಕೊಂಡು ವಾದ ಮಾಡಿದ್ರು. ಕೊನೆಗೆ ಏನಾಯ್ತು ಗೊತ್ತಾ? ಇಲ್ಲಿ ಕಟ್ಟು ಅಂತ ಯಾವನು ಹೇಳ್ತಾನೋ ಅವನದೇ ಹೊಣೆ. ಕೆಳಗೇನೈತೆ ಅಂತ ನೋಡ್ಬೇಕಾದ್ದು ಬಂದರಿನೋರು. ಕ್ಯಾಪ್ಟನ್ ಮುಳುಗಿ ನೋಡಾಕಾಯ್ತದಾ?"

"ಕಟ್ಟು ಅಂದವನದೇ ಹೊಣೆ," ಎಂದು ಉಮರ್ ಪಾಠ ಒಪ್ಪಿಸುವವನ ಹಾಗೆ ಹೇಳಿಕೊಂಡ. ಆ ಮಾತು ಬಾಯಿಗೆ ಬೆಲ್ಲದಷ್ಟು ರುಚಿಯಾಗಿತ್ತು.

ಬಟ್ಟೆ ಬದಲಿಸಲು ಮನೆಗೆ ಹೋದರೆ ಖುಷ್ನುಮಾ ಬಾಗಿಲಲ್ಲೇ ನಿಂತಿದ್ದಳು. "ನನ್ನ ಹೆಸರೊಂದು ತೇಲ್ತಾ ಇದೆಯಂತೆ. ಮಿಕ್ಕಿದ್ದೆಲ್ಲ ಒಳಗಂತೆ," ಎಂದಳು.

"ಪ್ಯಾಂಟ್ ಕೊಡು. ಪಂಚಾಯ್ತಿಗೆ ಹೋಗ್ಬೇಕು."

"ಇದೇ ಪ್ಯಾಂಟಲ್ಲಿ ಹೋಗಿ. ಒಣಗಿದೋರ ಕಷ್ಟ ಆಫೀಸಲ್ಲಿ ಯಾರೂ ಕೇಳಲ್ಲ." ಅವಳು ಒಳಗಿನಿಂದ ಒಂದು ಚೊಂಬು ನೀರು ತಂದು, ಆಗಲೇ ಅರೆಒಣಗಿದ್ದ ಅವನ ಭುಜದ ಮೇಲೆ ಸುರಿದಳು. "ಅಣ್ಣನ ಮಿಲ್ಲಿಗೆ ನೀವು ಹೋದ್ರೆ ದಿನಾ ಸಂಜೆ ನನ್ನ ಕಿವಿಗೇ ಬರುತ್ತೆ ಅವನ ವರದಿ. ಗೆದ್ದು ಬನ್ನಿ."

ಗಂಗಣ್ಣ ಬಸ್ ನಿಲ್ದಾಣದ ಹೋಟೆಲಿನಲ್ಲಿ ಚಿತ್ರಾನ್ನ ತಿನ್ನುತ್ತಿದ್ದ. ನೀರು ತೊಟ್ಟಿಕ್ಕುತ್ತಿದ್ದ ಉಮರ್‌ನನ್ನು ಕಂಡು ಎಲೆಯನ್ನು ತುಸು ಆಚೆ ಸರಿಸಿಕೊಂಡ.

"ನೀವೇ ತಾನೇ ಅಣ್ಣ, ಹೊಂಗೆಮರದಿಂದ ಬಿಚ್ಚಿ ಕಟ್ಟೆಗೆ ಕಟ್ಟು ಅಂದಿದ್ದು?"

"ಅಂದಿದ್ದೆ. ಇಲ್ಲ ಅಂತೀನಾ? ಕಟ್ಟು ಅಂದೆ. ಮುಳುಗು ಅಂದ್ನಾ?"

ಹೋಟೆಲಿನಲ್ಲಿದ್ದವರು ಇದು ನ್ಯಾಯವಾದ ಮಾತೆಂದು ತಲೆಯಾಡಿಸಿದರು. ಒಬ್ಬ, ದೋಣಿಯನ್ನು ಅಕ್ಕಿ ಡಬ್ಬದಲ್ಲಿಟ್ಟರೆ ನೀರು ಹೀರಿಕೊಂಡು ಸರಿಹೋಗುತ್ತದೆ, ತನ್ನ ಮೊಬೈಲು ಹಾಗೇ ಸರಿಹೋಗಿತ್ತು ಎಂದ. ಇನ್ನೊಬ್ಬ, ದೋಣಿಗೆ ಹೆಂಡತಿಯ ಹೆಸರಿಟ್ಟರೆ ಮಾತು ಕೇಳುವುದುಂಟೇ ಎಂದ. ಚಿತ್ರಾನ್ನ ಮುಗಿಯುವ ಹೊತ್ತಿಗೆ ಇಡೀ ಹೋಟೆಲು ಎದ್ದು, ಮುಂದೇನಾಗುತ್ತದೆ ನೋಡೋಣವೆಂದು ಪಂಚಾಯಿತಿ ಕಚೇರಿಯತ್ತ ನಡೆಯಿತು.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಶಿಲ್ಪ, "ಒಳಗೆ ಬರಬೇಡಿ, ಈಗಷ್ಟೇ ನೆಲ ಒರೆಸಿದ್ದಾರೆ," ಎಂದು ಕೂತಲ್ಲಿಂದಲೇ ಹೇಳಿದಳು. ಉಮರ್ ಹೊಸಿಲ ಆಚೆ ನಿಂತು ಎಲ್ಲವನ್ನೂ ಹೇಳಿದ. ಅವಳು ಗಮನವಿಟ್ಟು ಕೇಳಿದಳು.

"ಫಲಕದಲ್ಲಿ ಕಟ್ಟತಕ್ಕದ್ದು ಅಂತ ಇದೆ. ನೀವು ಕಟ್ಟಿದ್ರಿ. ಹಗ್ಗ ಏನಾದ್ರೂ ಬಿಚ್ಚಿಹೋಯ್ತಾ?"

"ಇಲ್ಲ ಮೇಡಂ. ಹಗ್ಗ ಗಟ್ಟಿಯಾಗೇ ಐತೆ."

"ಹಾಗಾದ್ರೆ ಕಟ್ಟೆ ತನ್ನ ಕೆಲಸ ಮಾಡಿದೆ. ತೇಲೋದು ದೋಣಿ ಕೆಲಸ ಅಲ್ವಾ?"

ಉಮರ್‌ಗೆ ಒಂದು ಕ್ಷಣ ಹೌದಲ್ಲ ಎನಿಸಿತು. ಮಿಲ್ಲಿನ ಸದ್ದು ಕಿವಿಯಲ್ಲಿ ಮೊಳಗತೊಡಗಿತು. ಹಿಂದಿನಿಂದ ಬೈರೇಶ ಪಕ್ಕೆಗೆ ತಿವಿದ. "ಕಂಬಿ ಮೇಡಂ," ಎಂದ ಉಮರ್. "ಕೆಳಗೆ ಕಂಬಿ ಐತೆ."

ಮುನಿಕೃಷ್ಣನನ್ನು ಕರೆಸಿದರು. ಅವನು ಸಿಮೆಂಟಿನ ಕೈಯಲ್ಲೇ ಬಂದ. ಕಂಬಿ ಬಿಟ್ಟಿದ್ದು ನೀನೇ ಏನಯ್ಯ ಎಂದು ಗಂಗಣ್ಣ ಕೇಳಿದಾಗ ಅವನ ಮುಖದಲ್ಲಿ ಹೆಮ್ಮೆಯೇ ಕಂಡಿತು.

"ಮತ್ತೆ? ಕಂಬಿ ಬಿಡ್ದೇ ಯಾವನಾದ್ರೂ ಕಟ್ಟಡ ಎತ್ತುತಾನಾ? ನಾಳೆ ಮ್ಯಾಲೊಂದು ಫ್ಲೋರ್ ಹಾಕ್ಬೇಕು ಅನ್ಸುದ್ರೆ?"

"ದೋಣಿಕಟ್ಟೆ ಮೇಲೆ ಫ್ಲೋರಾ?" ಎಂದಳು ಶಿಲ್ಪ.

"ಬಾಡಿಗೆಗಾಯ್ತದೆ ಮೇಡಂ. ಈ ಊರಲ್ಲಿ ಕಂಬಿ ಇಲ್ದಿರೋ ಒಂದು ಮನೆ ತೋರ್ಸಿ, ನಾನು ಕರಣೆ ಹಿಡಿಯೋದೇ ಬಿಡ್ತೀನಿ. ಗಂಗಣ್ಣೋರ ಮನೆ ಮ್ಯಾಲಿಲ್ವಾ? ನಿಮ್ಮ ಆಫೀಸ್ ಮ್ಯಾಲಿಲ್ವಾ? ಕಟ್ಟೆ ಅಗಲ ಮಾಡ್ಬೇಕು ಅಂದ್ರೂ ಬೇಕಾಯ್ತದೆ ಅಂತ ಸುತ್ತ ನಾಕೂ ಕಡೆ ಮೋಟು ಪಿಲ್ಲರ್ ಎತ್ತಿ ಕಂಬಿ ಬಿಟ್ಟಿವ್ನಿ. ಒಂದು ಕಡೆಯೂ ಮೋಸ ಮಾಡಿಲ್ಲ. ಅವಾಗ ಕೆರೇಲಿ ನೀರೆಲ್ಲಿತ್ತು? ನಾನು ಕಟ್ಟಿದ್ದು ನೆಲದ ಮ್ಯಾಲೆ. ನೀರು ತಂದು ಬಿಟ್ಟೋರನ್ನ ಕೇಳಿ."

ಹೊರಗೆ ನಿಂತಿದ್ದವರೆಲ್ಲ ತಮಗರಿವಿಲ್ಲದೆ ಕಚೇರಿಯ ತಾರಸಿಯತ್ತ ತಲೆಯೆತ್ತಿದರು. ಅಲ್ಲಿ ತುಕ್ಕು ಹಿಡಿದ ಕಂಬಿಗಳು ಎಂದೂ ಬಾರದ ಅಂತಸ್ತಿಗಾಗಿ ಆಕಾಶಕ್ಕೆ ಕೈಚಾಚಿ ನಿಂತಿದ್ದವು. ಒಂದರ ತಲೆಗೆ ಯಾರೋ ಖಾಲಿ ನೀರಿನ ಬಾಟಲಿ ಸಿಕ್ಕಿಸಿದ್ದರು. ಇಷ್ಟು ದಿನ ಅವು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಬೈರೇಶ ಈ ಗಳಿಗೆಗಾಗಿಯೇ ಕಾದಿದ್ದವನಂತೆ ಮುಂದೆ ಬಂದ. ಹಡಗು, ಬಂಡೆ, ಲಾಯರುಗಳು, ಬನ್ಸು, ಎಲ್ಲವೂ ಮತ್ತೊಮ್ಮೆ ಬಂದವು. ಈ ಸಲ ಹಡಗು ದೊಡ್ಡದಾಗಿತ್ತು, ಬಂಡೆ ಚೂಪಾಗಿತ್ತು. "ಬಂದರು ಪ್ರಾಧಿಕಾರ ಅಂತಾರೆ ಅದಕ್ಕೆ," ಎಂದು ಮುಗಿಸಿದ. "ಅವರು ಇಲ್ಲಿ ಕಟ್ಟು ಅಂದ್ರೆ ಆ ಜಾಗಕ್ಕೆ ಅವರೇ ತಲೆ ಕೊಡ್ಬೇಕು. ನಮ್ಮೂರಿಗೆ ಪಂಚಾಯ್ತಿನೇ ಬಂದರು ಪ್ರಾಧಿಕಾರ."

ಗಂಗಣ್ಣ ಸಿಟ್ಟಾಗುತ್ತಾನೆಂದು ಉಮರ್ ಎಣಿಸಿದ್ದ. ಗಂಗಣ್ಣ ಪಂಚೆ ಸರಿಮಾಡಿಕೊಂಡು ನೆಟ್ಟಗೆ ಕೂತ.

"ನಮ್ಮದು ಬಂದರು ಅಂತೀಯಾ?"

"ಇನ್ನೇನಣ್ಣ ಮತ್ತೆ. ನೀರೈತೆ, ದೋಣಿ ಐತೆ, ಕಟ್ಟೆ ಐತೆ."

"ಬಂದರಿಗೆ ಅಧ್ಯಕ್ಷರು ಇರ್ತಾರಾ?"

"ಇರ್ತಾರೆ. ನಾನೇ ಟೀ ಕೊಟ್ಟಿದ್ದೀನಿ. ಬಿಳೀ ಕಾರು. ಅವರು ಬಂದ್ರೆ ಪೊಲೀಸರು ಸೆಲ್ಯೂಟ್ ಹೊಡೀತಾರೆ."

ಗಂಗಣ್ಣ ಸ್ವಲ್ಪ ಹೊತ್ತು ಕೆರೆಯ ದಿಕ್ಕಿಗೆ ನೋಡಿದ. "ಹಂಗಾದ್ರೆ ತಪ್ಪು ನಮ್ದೇ ಇರ್ಬೋದು," ಎಂದ.

ಶಿಲ್ಪ ಪೆನ್ನು ಕೆಳಗಿಟ್ಟಳು. "ಅಧ್ಯಕ್ಷರೇ, ತಪ್ಪು ಒಪ್ಕೊಳ್ಳೋದು ಸುಲಭ. ಪರಿಹಾರಕ್ಕೆ ದಾರಿ ಎಲ್ಲಿದೆ? ನಮ್ಮಲ್ಲಿ ಬೀದಿದೀಪಕ್ಕೆ ಅನುದಾನ ಇದೆ, ಚರಂಡಿಗೆ ಇದೆ, ಬೀದಿನಾಯಿಗೂ ಇದೆ. ದೋಣಿಗೆ ಇಲ್ಲ."

"ನಾಯಿ ಅಂತಾನೇ ಬರ್ಕೊಳ್ಳಿ ಮೇಡಂ," ಎಂದ ಬೈರೇಶ ಉದಾರವಾಗಿ. "ಮುಳುಗಿದ ನಾಯಿ."

ಶಿಲ್ಪ ಅವನತ್ತ ನೋಡಲಿಲ್ಲ. ಅವಳ ಮುಖದಲ್ಲಿ ಬಹಳ ದಿನಗಳಿಂದ ಹೊತ್ತಿದ್ದ ಮೂಟೆಯನ್ನು ಇಳಿಸಲು ಜಾಗ ಕಂಡವರ ನೆಮ್ಮದಿ ಮೂಡುತ್ತಿತ್ತು. "ಒಂದು ಮಾಡಬಹುದು. ಆಸ್ತಿ ವಹಿಸಿಕೊಡಬಹುದು. ದೋಣಿಕಟ್ಟೆನೇ ಉಮರ್ ಅವರಿಗೆ ವಹಿಸಿಬಿಡೋಣ. ಯಾರು ಎಲ್ಲಿ 'ಕಟ್ಟತಕ್ಕದ್ದು' ಅಂತ ಇನ್ನು ಅವರೇ ಹೇಳ್ಲಿ. ಕಟ್ಟೆ ಈಗ ಇದ್ದ ಹಾಗೆ, ಒಳ್ಳೇದು ಕೆಟ್ಟದ್ದು ಸಮೇತ."

ಆ ಹೊತ್ತಿಗೆ ಸರಿಯಾಗಿ ತಲೆಯ ಮೇಲೆ ವಿಮಾನವೊಂದು ದೇವನಹಳ್ಳಿಯತ್ತ ಇಳಿಯುತ್ತ ಹೋಯಿತು. ಉಮರ್ ಕತ್ತೆತ್ತಿ ನೋಡಿದ. ಅಷ್ಟು ದೊಡ್ಡ ವಿಮಾನಕ್ಕೂ ಇಲ್ಲಿ ನಿಲ್ಲು ಎನ್ನುವವನೊಬ್ಬ ಕೆಳಗೆ ಇರುತ್ತಾನೆ. ಅವನ ಕೊರಳಲ್ಲಿ ಸೀಟಿ ಇರುತ್ತದೆ, ತಲೆಯ ಮೇಲೆ ಟೋಪಿ ಇರುತ್ತದೆ. ಅವನ ಹೆಂಡತಿಯ ಅಣ್ಣ ಅವನನ್ನು ಯಾವ ಮಿಲ್ಲಿಗೂ ಕರೆಯುವುದಿಲ್ಲ. ಕ್ಯಾಪ್ಟನ್ ಎಂದು ಹಂಗಿಸುತ್ತಿದ್ದ ಮುಜಾಮಿಲ್ ಇನ್ನು ಏನೆಂದು ಕರೆದಾನು? ಕ್ಯಾಪ್ಟನ್‌ಗಳೇ ಕೈಕಟ್ಟಿ ನಿಲ್ಲುವ ಜಾಗದಲ್ಲಿ ಕೂತವನನ್ನು?

"ಒಪ್ಕೊಂಡೆ," ಎಂದ ಉಮರ್. "ಆದ್ರೆ ಮೊದ್ಲು ಎಲ್ರ ಮುಂದೆ ಅಧ್ಯಕ್ಷರು ಹೇಳ್ಬೇಕು. ದೋಣಿ ತಾನಾಗಿ ಮುಳುಗ್ಲಿಲ್ಲ. ಕಟ್ಟೆಯೋರೇ ಹೊಣೆ."

"ಹೇಳೋದೇನು, ಇವತ್ತಿಂದ ಇದೇ ನಮ್ಮ ಕೆರೆಯ ಕಾನೂನು," ಎಂದು ಗಂಗಣ್ಣ ಎದ್ದುನಿಂತು ಕೈಯೆತ್ತಿದ. "ಕಟ್ಟು ಅಂದವನದೇ ಹೊಣೆ. ಯಾರೇ ಆಗ್ಲಿ, ಎಂಥವನೇ ಆಗ್ಲಿ, ಮುಲಾಜಿಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಬೈರೇಶ ಎಲ್ಲರಿಗಿಂತ ಜೋರಾಗಿ ತಟ್ಟಿದ. ಯಾರೋ ಗಣ್ಯರಿಗೆಂದು ತಂದು, ಅವರು ಬಾರದೆ ಬೀರುವಿನಲ್ಲೇ ಉಳಿದಿದ್ದ ಶಾಲೊಂದನ್ನು ಶಿಲ್ಪ ಹೊರಗೆ ತೆಗೆಸಿದಳು. ಒದ್ದೆ ಅಂಗಿಯ ಮೇಲೆ ಜರಿಯ ಶಾಲು ಹೊದ್ದು ಉಮರ್ ಸಂತೆಗೆ ಸಿಂಗರಿಸಿ ತಂದ ಟಗರಿನ ಹಾಗೆ ನಿಂತ. ಮುನಿಕೃಷ್ಣ ಫೋಟೋ ತೆಗೆದು, ಮೇಲಿನ ಫ್ಲೋರ್ ಹಾಕಿಸುವುದಾದರೆ ತನಗೇ ಹೇಳಬೇಕೆಂದು ಕಿವಿಯಲ್ಲಿ ಉಸುರಿ ಹೋದ.

ಇಳಿಹೊತ್ತಿನಲ್ಲಿ ಮುಜಾಮಿಲ್ ಸ್ಕೂಟರಿನಲ್ಲಿ ಬಂದಾಗ ಉಮರ್ ಮನೆಯ ಮುಂದೆ ಶಾಲು ಹೊದ್ದೇ ಕುರ್ಚಿ ಹಾಕಿಕೊಂಡು ಕೂತಿದ್ದ. ನಡೆದದ್ದನ್ನೆಲ್ಲ ಎರಡೆರಡು ಸಲ ಹೇಳಿದ. ಮುಜಾಮಿಲ್ ಹೆಲ್ಮೆಟ್ ತೆಗೆಯದೆ ಕೇಳಿದ.

"ಅಂದ್ರೆ ತಪ್ಪು ಕಟ್ಟೆಯೋರದು ಅಂತ ಒಪ್ಕೊಂಡ್ರು."

"ಊರೆಲ್ಲ ಸಾಕ್ಷಿ."

"ಸರಿ. ಮಾತು ಮಾತೇ," ಎಂದ ಮುಜಾಮಿಲ್ ನಿರಾಸೆಯಿಂದ. "ನಿನ್ನ ಕಟ್ಟೆ ತೋರ್ಸು. ನೋಡ್ಕೊಂಡು ಹೋಗ್ತೀನಿ."

ಖುಷ್ನುಮಾ ಕೂಡ ಸೆರಗು ಹೊದ್ದು ಹೊರಟಳು. ಅಣ್ಣನೆದುರು ಗಂಡನಿಗೆ ಒಳ್ಳೆಯದಾಗುವುದನ್ನು ಅವಳು ಮದುವೆಯಾದಂದಿನಿಂದ ನೋಡಿರಲಿಲ್ಲ. ದಾರಿಯಲ್ಲಿ ಬೈರೇಶನೂ ಗಂಗಣ್ಣನೂ ಜೊತೆಯಾದರು. ಮಧ್ಯಾಹ್ನದಿಂದ ಗಾಳಿ ಎದ್ದಿತ್ತು. ಕೆರೆಯ ಮೇಲೆ ಸಣ್ಣ ಸಣ್ಣ ಅಲೆಗಳು ಕಟ್ಟೆಗೆ ಬಡಿಯುತ್ತಿದ್ದವು. 'ಖುಷ್ನುಮಾ' ಬೆಳಗಿನಷ್ಟೇ ಎತ್ತರಕ್ಕೆ ಅಲುಗಾಡುತ್ತಿತ್ತು.

"ನನ್ನ ದೋಣಿ ಎಲ್ಲಿ?" ಎಂದ ಬೈರೇಶ.

ಕಟ್ಟೆಯ ಆಚೆ ಬದಿಯಲ್ಲಿ ಹಗ್ಗವಿತ್ತು. ಹಗ್ಗ ಬಹಳ ಬಿಗಿಯಾಗಿ ನೇರ ಕೆಳಗೆ ಹೋಗಿತ್ತು. ಅದರ ಪಕ್ಕದಲ್ಲಿ ಸೀಟಿನ ಪ್ಲಾಸ್ಟಿಕ್ಕು ಗಾಳಿ ತುಂಬಿಕೊಂಡು ಸತ್ತ ಮೀನಿನ ಹೊಟ್ಟೆಯಂತೆ ಉಬ್ಬಿ ತೇಲುತ್ತಿತ್ತು. ಸ್ವಲ್ಪ ದೂರದಲ್ಲಿ ಒಂದು ನಿಂಬೆಹಣ್ಣು.

ನಾಕೂ ಕಡೆ ಬಿಟ್ಟಿವ್ನಿ ಎಂದ ಮುನಿಕೃಷ್ಣನ ಮಾತು ಈಗ ಉಮರ್‌ನ ಕಿವಿಗೆ ತಲುಪಿತು. ಮಧ್ಯಾಹ್ನ ಅದು ದಾರಿಯಲ್ಲೇ ಎಲ್ಲೋ ನಿಂತುಬಿಟ್ಟಿತ್ತು.

"ಆ ಕಡೆ ಕಟ್ಟು, ಅಲ್ಲೇನೂ ಇಲ್ಲ ಅಂದಿದ್ದು ಯಾರು?" ಎಂದು ಬೈರೇಶ ಮೆಲ್ಲಗೆ ಕೇಳಿದ.

"ನಾನು ಕಟ್ಟು ಅಂದೆ," ಎಂದ ಉಮರ್. "ಮುಳುಗು ಅಂದ್ನಾ?"

"ಹೂಂ."

"ಹಗ್ಗ ನೋಡು ಬೈರೇಶಣ್ಣ, ಎಷ್ಟು ಗಟ್ಟಿಯಾಗೈತೆ. ಕಟ್ಟೆ ತನ್ನ ಕೆಲಸ ಮಾಡೈತೆ. ತೇಲೋದು ದೋಣಿ..." ಉಮರ್ ಅಲ್ಲಿಗೆ ನಿಲ್ಲಿಸಿದ. ತನ್ನ ಬಾಯಿಂದ ಶಿಲ್ಪಳ ದನಿ ಬರುತ್ತಿರುವುದು ಅವನಿಗೇ ಕೇಳಿಸಿತು. ಇನ್ನೊಂದು ದಾರಿ ಹೊಳೆಯಿತು. "ನೀನು ಕಟ್ಟಿದ್ದು ಬೆಳಿಗ್ಗೆ. ಆಗ ಕಟ್ಟೆ ನಂದಾಗಿರ್ಲಿಲ್ಲ."

"ಮುಳುಗಿದಾಗ ಆಗಿತ್ತು. ಊರೆಲ್ಲ ಸಾಕ್ಷಿ."

ಉಮರ್ ಗಂಗಣ್ಣನ ಕಡೆ ತಿರುಗಿದ. ಗಂಗಣ್ಣ ಆಗಲೇ ಏರಿಯ ಮೆಟ್ಟಿಲು ಹತ್ತುತ್ತಿದ್ದ. "ನಮ್ಮದೇನೈತೆ ಸಾಬ್ರೇ, ಎಲ್ಲಾ ನಿಮಗೇ ವಹಿಸಿಯಾಯ್ತಲ್ಲ," ಎಂದು ತಿರುಗಿ ನೋಡದೆಯೇ ಹೇಳಿದ. "ಕಾನೂನು ಚೆನ್ನಾಗೈತೆ. ನಡೆಸ್ಕೊಂಡು ಹೋಗಿ."

ಖುಷ್ನುಮಾ ನೀರಿನ ಮೇಲಿದ್ದ ತನ್ನ ಹೆಸರನ್ನೊಮ್ಮೆ, ನಿಂಬೆಹಣ್ಣನ್ನೊಮ್ಮೆ ನೋಡಿದಳು. "ಮುಳುಗಿರೋ ದೋಣಿ ಒಂದು, ಮುಳುಗಿಸೋ ಕಟ್ಟೆ ಒಂದು," ಎಂದಳು. "ಎರಡೂ ನಮ್ಮದೇ."

ಮುಜಾಮಿಲ್ ಕೊನೆಗೂ ಹೆಲ್ಮೆಟ್ ತೆಗೆದ. ಅವನ ಮುಖದಲ್ಲಿ ಹಬ್ಬದ ಬೆಳಕಿತ್ತು. "ನಿನ್ನ ದೋಣಿ ಮಾತು ನಾನು ಎತ್ತಲ್ಲ," ಎಂದ. "ಅದು ಕಟ್ಟೆಯೋರ ತಪ್ಪು, ಒಪ್ಪಿಕೊಂಡೆ. ಆದ್ರೆ ಇವರ ದೋಣಿ ಸರಿಮಾಡಿ ಕೊಡಬೇಕಲ್ಲ ಕಟ್ಟೆಯೋರು. ಅದಕ್ಕೆ ನಮ್ಮಲ್ಲಿ ಹಗಲಿನ ಪಾಳಿ ಐತೆ. ನಿಂದೂ ಸರಿಮಾಡ್ಕೊಬೇಕು ಅಂದ್ರೆ ರಾತ್ರಿ ಪಾಳಿನೂ ಐತೆ."

ಉಮರ್‌ನ ಬೆನ್ನ ಹಿಂದೆ ಯಾರೋ ಉಸಿರಾಡಿದಂತಾಯಿತು. ತಿರುಗಿ ನೋಡಿದರೆ ಯಾರೂ ಇರಲಿಲ್ಲ. ಅವನು ಹೆಗಲಿನಿಂದ ಶಾಲು ತೆಗೆದು, ಜರಿ ಮೇಲೆ ಬರುವಂತೆ ಅಚ್ಚುಕಟ್ಟಾಗಿ ಮಡಿಸಿದ. ಎರಡೂ ಕೈಯಲ್ಲಿ ಹಿಡಿದು ಬೈರೇಶನ ಮುಂದೆ ಹೋಗಿ ನಿಂತ.

"ಬೈರೇಶಣ್ಣ, ಒಂದು ಮಾತು ಹೇಳ್ತೀನಿ. ದೊಡ್ಡ ಬಂದರು ಕಂಡೋನು ನೀನು. ನಂಗೇನು ಗೊತ್ತು? ಈ ಕಟ್ಟೆನೇ ನೀನು ಇಟ್ಕೊಂಬಿಡು. ಯಾರು ಎಲ್ಲಿ ಕಟ್ಬೇಕು ಅಂತ ಇನ್ನು ನೀನೇ ಹೇಳು. ಈಗ ಇದ್ದ ಹಾಗೆ, ಒಳ್ಳೇದು ಕೆಟ್ಟದ್ದು ಸಮೇತ. ಶಾಲೂ ತಗೋ."

ಬೈರೇಶ ದೂರ ಸರಿಯುತ್ತಿದ್ದ ನಿಂಬೆಹಣ್ಣನ್ನೇ ನೋಡುತ್ತಿದ್ದ.

"ಬ್ಯಾಡ," ಎಂದ. "ಶಾಲೂ ಬ್ಯಾಡ."